ನಾಡಿದ್ದು ಪರೀಕ್ಷೆ: ಈನಿಯಡ್‌ನ ಕೊನೆಯ ಪುಟಗಳು

ಎಲ್ಲರಿಗೂ ನಮಸ್ಕಾರ. ನಾಡಿದ್ದು ಪರೀಕ್ಷೆ ಇದ್ದರೂ ಭಾನುವಾರ ಮಧ್ಯಾಹ್ನ ಇಲ್ಲಿ ಬಂದು ಕೂತಿದ್ದೀರಿ. ನಿಮ್ಮ ಸಮಯಕ್ಕೆ ಬೆಲೆ ಇದೆ. ಹಾಗಾಗಿ ಸುತ್ತಿ ಬಳಸಿ ಮಾತಾಡುವುದಿಲ್ಲ.

ಹಿಂದಿನ ಸಾಲಿನಲ್ಲಿ ಕೂತಿರುವ ಅಪ್ಪ ಅಮ್ಮಂದಿರಿಗೆ ಮೊದಲು ಎರಡು ಮಾತು. ಇಲ್ಲಿ ಇಂಗ್ಲೆಂಡಿನಲ್ಲಿ ಎ ಲೆವೆಲ್‌ಗೆ, ಅಂದರೆ ನಮ್ಮ ಪಿಯುಸಿ ಮಟ್ಟದ ಪರೀಕ್ಷೆಗೆ, ಕ್ಲಾಸಿಕಲ್ ಸಿವಿಲೈಸೇಷನ್ (ಹಳೆಯ ಗ್ರೀಸ್, ರೋಮ್‌ಗಳ ನಾಗರಿಕತೆ) ತೆಗೆದುಕೊಂಡವರು ವೀರರ ಲೋಕದ ಬಗ್ಗೆ ಒಂದು ಪತ್ರಿಕೆ ಬರೆಯುತ್ತಾರೆ. 2 ಗಂಟೆ 20 ನಿಮಿಷ, 100 ಅಂಕ. ಗ್ರೀಕ್ ಕವಿ ಹೋಮರ್‌ನ ಒಂದು ಕಾವ್ಯ, ರೋಮನ್ ಕವಿ ವರ್ಜಿಲ್‌ನ ಈನಿಯಡ್. ಟ್ರಾಯ್ ಊರು ಬಿದ್ದ ಮೇಲೆ ಈನಿಯಾಸ್ ಅನ್ನುವ ವೀರ ಉಳಿದವರನ್ನು ಕರೆದುಕೊಂಡು ಇಟಲಿಗೆ ಹೋಗಿ, ಮುಂದೆ ರೋಮ್ ಹುಟ್ಟುವುದಕ್ಕೆ ಬುನಾದಿ ಹಾಕುವ ಕಥೆ ಅದು. ಲ್ಯಾಟಿನ್ ಬರಬೇಕಿಲ್ಲ, ಇಂಗ್ಲಿಷ್ ಅನುವಾದದಲ್ಲೇ ಓದುತ್ತಾರೆ. ಆದರೆ ಪುಸ್ತಕವನ್ನು ಪರೀಕ್ಷೆಗೆ ಒಯ್ಯುವ ಹಾಗಿಲ್ಲ. 12 ಪುಸ್ತಕ, 9,800ಕ್ಕೂ ಜಾಸ್ತಿ ಸಾಲು, ಎಲ್ಲ ತಲೆಯಲ್ಲಿರಬೇಕು. ಇಲ್ಲಿ ಪುಸ್ತಕ ಅಂದರೆ ನಮ್ಮಲ್ಲಿ ಪರ್ವ ಅಂತೀವಲ್ಲ, ಹಾಗೆ.

ಈಗ ಮಕ್ಕಳೇ, ನಿಮ್ಮ ಹತ್ತಿರ ಮಾತು. ಎರಡು ದಿನದಲ್ಲಿ 12 ಪುಸ್ತಕವನ್ನೂ ಮೊದಲಿಂದ ಓದಲು ಹೊರಟರೆ ಏನಾಗುತ್ತದೆ ಗೊತ್ತಾ? ಒಂದರಿಂದ ನಾಲ್ಕು ಚೆನ್ನಾಗಿ ಆಗುತ್ತದೆ. ಆರಕ್ಕೆ ಬರುವ ಹೊತ್ತಿಗೆ ಸೋಮವಾರ ರಾತ್ರಿ. ಎಂಟರಿಂದ ಹನ್ನೆರಡು ಹಾಗೇ ಉಳಿದುಬಿಡುತ್ತದೆ. ವರ್ಷ ವರ್ಷ ನಾನು ನೋಡುವುದು ಇದನ್ನೇ. ಕಾರ್ತೇಜಿನ ರಾಣಿ ಡೈಡೋ ಬಗ್ಗೆ ಎರಡು ಪುಟ, ಯುದ್ಧದಲ್ಲಿ ಸಾಯುವ ಹುಡುಗ ಪ್ಯಾಲಸ್ ಬಗ್ಗೆ ಎರಡು ಸಾಲು. ಕಾವ್ಯದ ಅರ್ಧ ಭಾರ ಇರುವುದು ಆ ಎರಡನೇ ಭಾಗದಲ್ಲೇ.

ಅದಕ್ಕೇ ಹೇಳುತ್ತೇನೆ, ಪುಸ್ತಕಗಳ ಕೊನೆಯ ಪುಟ ಓದಿ. ಪ್ರತಿಯೊಂದರ ಕೊನೆಯ ಐವತ್ತು ಅರವತ್ತು ಸಾಲು. ವರ್ಜಿಲ್ ಒಂದು ಪುಸ್ತಕವನ್ನು ಹೇಗೆ ಮುಗಿಸುತ್ತಾನೆ ಅನ್ನುವುದರಲ್ಲಿ ಅವನ ಮನಸ್ಸು ಕಾಣುತ್ತದೆ. ಓದುವಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ರೋಮ್‌ಗೋಸ್ಕರ ಇಲ್ಲಿ ಬೆಲೆ ತೆತ್ತವರು ಯಾರು?

ಎರಡನೇ ಪುಸ್ತಕದಿಂದ ಶುರು ಮಾಡೋಣ. ಟ್ರಾಯ್ ಉರಿಯುತ್ತಿದೆ. ಈನಿಯಾಸ್ ಅಪ್ಪ ಆಂಕೈಸೀಸ್‌ನನ್ನು ಹೆಗಲ ಮೇಲೆ ಹೊತ್ತಿದ್ದಾನೆ, ಮಗನ ಕೈ ಹಿಡಿದಿದ್ದಾನೆ. ಹೆಂಡತಿ ಕ್ರಿಯೂಸಾಗೆ ಹಿಂದೆ ದೂರದಲ್ಲಿ ಬಾ ಅಂತ ಹೇಳಿದ್ದಾನೆ. ಆಮೇಲೆ ತಿರುಗಿ ನೋಡಿದರೆ ಅವಳಿಲ್ಲ. ಹುಚ್ಚನ ಹಾಗೆ ಊರೊಳಗೆ ವಾಪಸ್ ಓಡುತ್ತಾನೆ. ಅವಳ ನೆರಳು ಎದುರು ಬಂದು, ನಿನಗೆ ಬೇರೆ ನಾಡು, ಬೇರೆ ರಾಣಿ ಕಾದಿದ್ದಾಳೆ, ಅಳಬೇಡ ಅನ್ನುತ್ತದೆ. ಮೂರು ಸಲ ತಬ್ಬಿಕೊಳ್ಳಲು ಹೋಗುತ್ತಾನೆ. ಮೂರು ಸಲವೂ ಗಾಳಿಯ ಹಾಗೆ ಜಾರಿಹೋಗುತ್ತಾಳೆ. ಈ ಮೂರು ಸಾಲು ಆರನೇ ಪುಸ್ತಕದಲ್ಲಿ ಅಪ್ಪನನ್ನು ತಬ್ಬಲು ಹೋದಾಗ ಹಾಗೇ ಮತ್ತೆ ಬರುತ್ತವೆ. ಇದನ್ನು ಬರೆದಿಟ್ಟುಕೊಳ್ಳಿ, ತುಂಬಾ ಕಡೆ ಉಪಯೋಗಕ್ಕೆ ಬರುತ್ತದೆ.

ಪುಸ್ತಕದ ಕೊನೆ ಸಾಲಿನಲ್ಲಿ ಅವನು ಅಪ್ಪನನ್ನು ಎತ್ತಿಕೊಂಡು ಬೆಟ್ಟದ ಕಡೆ ಹೊರಡುತ್ತಾನೆ. ಈಗ ನೇರವಾಗಿ ಎಂಟನೇ ಪುಸ್ತಕದ ಕೊನೆ ಸಾಲಿಗೆ ಹೋಗಿ. ದೇವತೆಗಳ ಕಮ್ಮಾರ ವಲ್ಕನ್ ಮಾಡಿಕೊಟ್ಟ ಗುರಾಣಿಯನ್ನು ಹೆಗಲಿಗೇರಿಸುತ್ತಾನೆ. ಅದರ ಮೇಲೆ ಮುಂದೆ ಬರುವ ರೋಮ್‌ನ ಚರಿತ್ರೆಯೆಲ್ಲ ಇದೆ. ನಡುವೆ ಕ್ರಿ.ಪೂ. 31ರ ಆಕ್ಟಿಯಂ ಯುದ್ಧ, ಆಂಟನಿ ಮತ್ತು ಕ್ಲಿಯೋಪಾತ್ರಾಳ ಎದುರು, ಆಮೇಲೆ ರೋಮ್‌ನ ಮೊದಲ ಚಕ್ರವರ್ತಿಯಾದ ಆಗಸ್ಟಸ್. ಆ ಚಿತ್ರಗಳು ಏನು ಅಂತ ಈನಿಯಾಸ್‌ಗೆ ಗೊತ್ತಿಲ್ಲ. ನೋಡಿ ಖುಷಿಪಡುತ್ತಾನೆ, ಅಷ್ಟೇ. ಅಲ್ಲಿ ಹೆಗಲ ಮೇಲೆ ಅಪ್ಪ, ಇಲ್ಲಿ ಹೆಗಲ ಮೇಲೆ ಮೊಮ್ಮಕ್ಕಳ ಹಣೆಬರಹ. ಆ ಹೆಗಲಿಗೆ ಬಿಡುವೇ ಇಲ್ಲ, ಅಲ್ವಾ?

ಇಲ್ಲಿ ಪಿಯೆಟಾಸ್ ಅನ್ನುವ ಮಾತು ಬರುತ್ತದೆ. ನಿಮ್ಮ ನೋಟ್ಸ್‌ನಲ್ಲಿ ಕರ್ತವ್ಯ ಅನ್ನುವ ಅರ್ಥದ ಇಂಗ್ಲಿಷ್ ಪದ ಬರೆದಿರುತ್ತೀರಿ. ಅದು ಸಾಲದು. ಮನೆಯಲ್ಲಿ ಅಜ್ಜಿ ಬಾಯಲ್ಲಿ ಕೇಳಿರುವ ಒಂದು ಪದವನ್ನು ನೆನಪು ಮಾಡಿಕೊಳ್ಳಿ: ಋಣ. ದೇವರ ಋಣ, ಅಪ್ಪನ ಋಣ, ಊರಿನ ಋಣ, ಸತ್ತವರ ಋಣ. ಪಿಯೆಟಾಸ್‌ಗೂ ಋಣಕ್ಕೂ ಪೂರ್ತಿ ಒಂದೇ ಅರ್ಥ ಅಲ್ಲ. ಆದರೆ ಈನಿಯಾಸ್‌ನ ಮೇಲಿರುವ ಒತ್ತಡ ಇದರಿಂದ ಬೇಗ ಅರ್ಥವಾಗುತ್ತದೆ. ಅದರ ಎದುರು ನಿಲ್ಲುವುದು ಫ್ಯೂರೋರ್, ಅಂದರೆ ಆವೇಶ, ಕಣ್ಣು ಕಾಣಿಸದ ಸಿಟ್ಟು.

ಮೂರನೆಯದು ಬೇಗ ಮುಗಿಸಿ. ಕೊನೆಯಲ್ಲಿ ಸಿಸಿಲಿಯ ಡ್ರೆಪಾನಮ್‌ನಲ್ಲಿ ಅಪ್ಪ ತೀರಿಹೋಗುತ್ತಾನೆ. ಈನಿಯಾಸ್ ಡೈಡೋಗೆ ತನ್ನ ಕಥೆ ಹೇಳುವುದನ್ನು ಅಲ್ಲಿಗೆ ನಿಲ್ಲಿಸಿ ಸುಮ್ಮನಾಗುತ್ತಾನೆ. ನಾಲ್ಕನೆಯದು ನಿಮಗೆಲ್ಲ ಬರುತ್ತದೆ, ಈನಿಯಾಸ್ ಬಿಟ್ಟುಹೋದ ಕತ್ತಿಯಿಂದಲೇ, ಅವನನ್ನು ಪ್ರೀತಿಸಿದ ಡೈಡೋ ಸಾಯುತ್ತಾಳೆ. ಒಂದು ಸಾಲು ಮಾತ್ರ ನನ್ನ ಕಡೆಯಿಂದ. ಇಟಲಿಗೆ ನಾನು ಹೋಗುತ್ತಿರುವುದು ನನ್ನ ಇಷ್ಟದಿಂದಲ್ಲ ಅಂತ ಈನಿಯಾಸ್ ಅವಳಿಗೆ ಹೇಳುತ್ತಾನಲ್ಲ, 361ನೇ ಸಾಲು, ಅದು ಲ್ಯಾಟಿನ್‌ನಲ್ಲಿ ಅರ್ಧಕ್ಕೇ ನಿಂತಿದೆ. ಕ್ರಿ.ಪೂ. 19ರಲ್ಲಿ ಬ್ರಿಂಡಿಸಿಯಲ್ಲಿ ವರ್ಜಿಲ್ ತೀರಿಕೊಂಡಾಗ ಕಾವ್ಯವನ್ನು ತಿದ್ದಿ ಮುಗಿಸಿರಲಿಲ್ಲ. ಹೀಗೆ ಅರ್ಧಕ್ಕೆ ನಿಂತ ಸಾಲುಗಳು ಐವತ್ತಕ್ಕೂ ಜಾಸ್ತಿ ಇವೆ. ಸುಟ್ಟುಬಿಡಿ ಅಂತ ಅವನು ಹೇಳಿದ್ದ, ಆಗಸ್ಟಸ್ ಒಪ್ಪದೆ ಹೊರತರಿಸಿದ ಅಂತ ಹಳೆಯ ಕಾಲದಿಂದ ಹೇಳಿಕೊಂಡು ಬಂದಿದ್ದಾರೆ. ಈ ಸಾಲನ್ನು ಅವನು ಬೇಕಂತಲೇ ಹಾಗೆ ಬಿಟ್ಟನಾ ಅಂತ ಯಾರೂ ಹೇಳಲಾರರು. ಆದರೆ ನನಗೆ ಆ ಸಾಲಿನ ಮುಂದಿನ ಮೌನ ತುಂಬಾ ಕಾಡುತ್ತದೆ. ಅದಕ್ಕಿಂತ ಜಾಸ್ತಿ ಹೇಳಲು ಅವನ ಹತ್ತಿರ ಏನಿತ್ತು?

ಐದನೇ ಪುಸ್ತಕವನ್ನು ಆಟಗಳ ಪುಸ್ತಕ ಅಂತ ಎಲ್ಲರೂ ಬಿಟ್ಟುಬಿಡುತ್ತಾರೆ. ಆಟಗಳನ್ನು ಬಿಟ್ಟರೂ ಕೊನೆ ಬಿಡಬೇಡಿ. ಹಡಗುಗಳು ಇಟಲಿಗೆ ಸುರಕ್ಷಿತವಾಗಿ ಸೇರಲಿ ಅಂತ ಈನಿಯಾಸ್‌ನ ತಾಯಿ, ದೇವಿ ವೀನಸ್ ಸಮುದ್ರದೇವನನ್ನು ಕೇಳುತ್ತಾಳೆ. ನೆಪ್ಚೂನ್ ಒಪ್ಪುತ್ತಾನೆ, ಆದರೆ ಹಲವರಿಗಾಗಿ ಒಂದು ತಲೆ ಕೊಡಬೇಕು ಅನ್ನುತ್ತಾನೆ. ಆ ತಲೆ ಚುಕ್ಕಾಣಿ ಹಿಡಿದಿರುವ ಪ್ಯಾಲಿನ್ಯೂರಸ್‌ನದು. ಅವನು ಏನೂ ತಪ್ಪು ಮಾಡಿಲ್ಲ. ನಿದ್ದೆಯ ದೇವರು ಬಂದು ಮಲಗು ಅಂದರೂ ನಾನು ಸಮುದ್ರವನ್ನು ನಂಬುವುದಿಲ್ಲ ಅಂತ ಚುಕ್ಕಾಣಿ ಬಿಡುವುದಿಲ್ಲ. ಆ ದೇವರೇ ಅವನ ಮೇಲೆ ಮರೆವಿನ ನೀರು ಚಿಮುಕಿಸಿ ಸಮುದ್ರಕ್ಕೆ ತಳ್ಳುತ್ತಾನೆ. ಆಮೇಲೆ ಈನಿಯಾಸ್ ಏನನ್ನುತ್ತಾನೆ? ತಿಳಿಯಾದ ಆಕಾಶವನ್ನು, ಸಮುದ್ರವನ್ನು ಅತಿಯಾಗಿ ನಂಬಿದೆಯಲ್ಲೋ ಪ್ಯಾಲಿನ್ಯೂರಸ್ ಅಂತ ಅಳುತ್ತಾನೆ. ಸಮುದ್ರವನ್ನು ನಂಬದವನಿಗೇ ನೀನು ನಂಬಿ ಕೆಟ್ಟೆ ಅನ್ನುತ್ತಾನೆ. ಅವನಿಗೆ ಗೊತ್ತಿಲ್ಲ, ನಮಗೆ ಗೊತ್ತು. ಬೆಲೆಯ ಲೆಕ್ಕವನ್ನು ವರ್ಜಿಲ್ ಇಷ್ಟು ಬಾಯಿಬಿಟ್ಟು ಹೇಳುವುದು ಇಲ್ಲೇ. ದೇವರುಗಳ ಬಗ್ಗೆ ಪ್ರಶ್ನೆ ಬಂದರೆ ಈನಿಯಾಸ್‌ನನ್ನು ಕಾಡುವ ದೇವಿ ಜುನೋ ಒಬ್ಬಳನ್ನೇ ಬರೆಯಬೇಡಿ, ಈ ದೃಶ್ಯ ಬರೆಯಿರಿ.

ಆರನೆಯದರಲ್ಲಿ ಸತ್ತವರ ಲೋಕದಲ್ಲಿ ಆಂಕೈಸೀಸ್ ಮಗನಿಗೆ ಮುಂದಿನ ರೋಮನ್ನರ ಸಾಲನ್ನು ತೋರಿಸುತ್ತಾನೆ. ಶರಣಾದವರನ್ನು ಉಳಿಸು, ಸೊಕ್ಕಿದವರನ್ನು ಬಗ್ಗಿಸು ಅನ್ನುತ್ತಾನೆ. 853ನೇ ಸಾಲು, ಇದು ಬಾಯಿಪಾಠ ಆಗಲೇಬೇಕು. ಅಲ್ಲಿಗೇ ನಿಲ್ಲಿಸಿದ್ದರೆ ರೋಮ್‌ನ ಹೊಗಳಿಕೆಯಾಗಿ ಮುಗಿಯುತ್ತಿತ್ತು. ಆದರೆ ಸಾಲಿನ ಕೊನೆಗೆ ಮುಖ ಬಾಡಿದ ಒಬ್ಬ ಹುಡುಗ ಬರುತ್ತಾನೆ. ಆಗಸ್ಟಸ್‌ನ ಅಕ್ಕನ ಮಗ ಮಾರ್ಸೆಲಸ್. ಕ್ರಿ.ಪೂ. 23ರಲ್ಲಿ, ವರ್ಜಿಲ್ ಈ ಕಾವ್ಯ ಬರೆಯುತ್ತಿದ್ದಾಗಲೇ ಸತ್ತವನು. ಆಂಕೈಸೀಸ್ ಹೂವು ಕೊಡಿ ಅನ್ನುತ್ತಾನೆ. ಇನ್ನೂ ಹುಟ್ಟದವನಿಗೆ ತಿಥಿಯ ಹೂವು.

ಏಳು, ಒಂಬತ್ತರ ಕೊನೆ ಸುಮ್ನೆ ಒಂದು ಸಲ ನೋಡಿ ಸಾಕು. ಏಳರ ಕೊನೆಯಲ್ಲಿ, ಇಟಲಿಯಲ್ಲಿ ಈನಿಯಾಸ್‌ನ ಎದುರು ನಿಂತ ಪಡೆಯ ಯೋಧೆ ಕೆಮಿಲಾ ಬರುತ್ತಾಳೆ, ಒಂಬತ್ತರ ಕೊನೆಯಲ್ಲಿ ಆ ಪಡೆಯ ನಾಯಕ ಟರ್ನಸ್ ಟೈಬರ್ ನದಿಗೆ ಹಾರಿ ತಪ್ಪಿಸಿಕೊಳ್ಳುತ್ತಾನೆ. ಒಂಬತ್ತರ ನಡುವೆ ಬರುವ ಗೆಳೆಯರು ನೈಸಸ್ ಮತ್ತು ಯೂರಿಯಾಲಸ್ ಮಾತ್ರ ಬಿಡಬೇಡಿ.

ಹತ್ತನೆಯದಕ್ಕೆ ಸಮಯ ಕೊಡಿ. ಈನಿಯಾಸ್‌ನ ಜೊತೆ ಸೇರಿದ ರಾಜ ಇವಾಂಡರ್ ತನ್ನ ಒಬ್ಬನೇ ಮಗ ಪ್ಯಾಲಸ್‌ನನ್ನು ಈನಿಯಾಸ್‌ನ ಕೈಗೆ ಒಪ್ಪಿಸಿರುತ್ತಾನೆ. ಟರ್ನಸ್ ಅವನನ್ನು ಕೊಂದು, ಹೆಣದ ಮೇಲೆ ಕಾಲಿಟ್ಟು ಅವನು ಹೆಗಲಿಗೆ ಹಾಕಿದ್ದ ಕತ್ತಿಯ ಪಟ್ಟಿಯನ್ನು ಕಿತ್ತುಕೊಳ್ಳುತ್ತಾನೆ. ಈನಿಯಾಸ್‌ಗೆ ಆವೇಶ ಬರುತ್ತದೆ. ಪ್ಯಾಲಸ್‌ನ ಚಿತೆಗೆ ಬಲಿ ಕೊಡಲು ಎಂಟು ಹುಡುಗರನ್ನು ಜೀವಂತ ಹಿಡಿಯುತ್ತಾನೆ. ಹೋಮರ್‌ನ ಇಲಿಯಡ್ ಓದಿದವರಿಗೆ ಗ್ರೀಕ್ ವೀರ ಅಕಿಲೀಸ್ ಹನ್ನೆರಡು ಜನರನ್ನು ಹಿಡಿದದ್ದು ನೆನಪಿದೆ ತಾನೇ? ಆದರೆ ಅದೇ ಪುಸ್ತಕದಲ್ಲಿ, ಶತ್ರುಪಡೆಯಲ್ಲಿದ್ದ ಅಪ್ಪ ಮೆಜೆಂಟಿಯಸ್‌ನನ್ನು ಕಾಪಾಡಲು ಅಡ್ಡ ಬಂದ ಹುಡುಗ ಲಾಸಸ್‌ನನ್ನು ಈನಿಯಾಸ್ ಕೊಲ್ಲುತ್ತಾನೆ. ಸಾಯುತ್ತಿರುವ ಮುಖ ನೋಡಿದ ಕೂಡಲೇ ಕರಗುತ್ತಾನೆ. ತನ್ನ ಅಪ್ಪನ ನೆನಪಾಗುತ್ತದೆ. ಅವನ ಆಯುಧ ಮುಟ್ಟುವುದಿಲ್ಲ, ತಾನೇ ಹೆಣ ಎತ್ತಿ ಕೊಡುತ್ತಾನೆ. ಟರ್ನಸ್ ಪ್ಯಾಲಸ್‌ಗೆ ಮಾಡಿದ್ದು, ಈನಿಯಾಸ್ ಲಾಸಸ್‌ಗೆ ಮಾಡಿದ್ದು, ಎರಡನ್ನೂ ಪಕ್ಕಪಕ್ಕ ಇಟ್ಟರೆ ಅರ್ಧ ಪ್ರಬಂಧ ಆಗಿಹೋಯಿತು.

ನನ್ನ ಹತ್ತಿರ ಓದಿದ ಒಬ್ಬ ಹುಡುಗಿಗೆ ಹೆಸರುಗಳೆಲ್ಲ ನಾಲಿಗೆ ತುದಿಯಲ್ಲಿದ್ದವು. ಅಣಕು ಪರೀಕ್ಷೆಯಲ್ಲಿ ಅಂಕ ಬರಲಿಲ್ಲ. ಯಾಕೆಂದರೆ ಅವಳು ಕಥೆ ಹೇಳುತ್ತಿದ್ದಳು. 30 ಅಂಕದ ಪ್ರಬಂಧಕ್ಕೆ ಕಥೆ ಬೇಡ. ನಿಮ್ಮ ಮಾತು ಬೇಕು, ಅದಕ್ಕೆ ಆಧಾರವಾಗಿ ಎರಡು ದೃಶ್ಯ ಬೇಕು, ಒಬ್ಬ ವಿದ್ವಾಂಸರ ಅಭಿಪ್ರಾಯ ಹೇಳಿ ಅದನ್ನು ಒಪ್ಪಬೇಕು ಅಥವಾ ಒಪ್ಪದಿರಬೇಕು. ಅವಳಿಗೆ ನಾನು ಹೇಳಿದ್ದು ಇಷ್ಟೇ: ಪ್ರತಿ ಪ್ಯಾರಾದ ಮೊದಲ ವಾಕ್ಯದಲ್ಲಿ ಯಾರೂ ಎಲ್ಲಿಗೂ ಹೋಗಬಾರದು, ಯಾರೂ ಸಾಯಬಾರದು. ಮೊದಲು ನೀನು ಏನು ಅಂದುಕೊಂಡಿದ್ದೀಯ ಅದನ್ನು ಬರಿ. ಅದು ಅವಳಿಗೆ ಹಿಡಿಸಿತು.

ಈಗ ಹನ್ನೆರಡು. ಟರ್ನಸ್ ಮಂಡಿಯೂರಿದ್ದಾನೆ. ನಿನಗೂ ಆಂಕೈಸೀಸ್ ಅಂತ ಅಪ್ಪ ಇದ್ದನಲ್ಲ, ನನ್ನ ಅಪ್ಪನ ಮೇಲೆ ಕರುಣೆ ತೋರಿಸು ಅನ್ನುತ್ತಾನೆ. ಈನಿಯಾಸ್ ಕೈ ತಡೆಯುತ್ತಾನೆ. ಮನಸ್ಸು ಬದಲಾಗುತ್ತಿದೆ. ಆಗ ಟರ್ನಸ್‌ನ ಹೆಗಲ ಮೇಲೆ ಪ್ಯಾಲಸ್‌ನ ಪಟ್ಟಿ ಕಾಣುತ್ತದೆ. ಶರಣಾದವರನ್ನು ಉಳಿಸು ಅಂತ ಅಪ್ಪ ಹೇಳಿದ್ದು ಒಂದು ಕಡೆ. ಇವಾಂಡರ್‌ಗೆ ತೀರಿಸಬೇಕಾದ ಋಣ ಇನ್ನೊಂದು ಕಡೆ. ಕೊಂದುಬಿಡುತ್ತಾನೆ. ಅದು ಪಿಯೆಟಾಸ್ಸಾ, ಫ್ಯೂರೋರಾ? ಎರಡಕ್ಕೂ ವಾದ ಇದೆ. ನನ್ನ ಅಭಿಪ್ರಾಯ ಕೇಳಿದರೆ, ವರ್ಜಿಲ್ ಎರಡನ್ನೂ ಒಂದೇ ಏಟಿನಲ್ಲಿ ಇಟ್ಟಿದ್ದಾನೆ, ಬಿಡಿಸಲು ಬಾರದ ಹಾಗೆ. ಕತ್ತಿ ಇರಿಯುವುದಕ್ಕೆ ಅವನು ಬಳಸುವ ಕ್ರಿಯಾಪದ ಕೊಂಡೆರೆ. ಮೊದಲ ಪುಸ್ತಕದ ಐದನೇ ಸಾಲಿನಲ್ಲಿ ಊರು ಕಟ್ಟುವುದಕ್ಕೆ ಬಳಸಿದ್ದೂ ಅದೇ ಪದ. ಲ್ಯಾಟಿನ್ ಬರದಿದ್ದರೂ ಇದೊಂದನ್ನು ನೆನಪಿಡಿ.

ಇನ್ನೂ ಒಂದಿದೆ. ಇಲಿಯಡ್ ಮುಗಿಯುವುದು ಹೆಕ್ಟರ್‌ನ ಅಂತ್ಯಕ್ರಿಯೆಯಲ್ಲಿ. ಶತ್ರುಗಳಾದ ಅಕಿಲೀಸ್, ಹೆಕ್ಟರ್‌ನ ಅಪ್ಪ ಪ್ರಯಾಮ್ ಒಟ್ಟಿಗೆ ಅತ್ತು, ಒಟ್ಟಿಗೆ ಊಟ ಮಾಡಿದ ಮೇಲೆ. ಇಲ್ಲಿ ಅದೇನೂ ಇಲ್ಲ. ಈನಿಯಾಸ್‌ನ ಮದುವೆ ಇಲ್ಲ, ಚಿತೆ ಇಲ್ಲ, ರೋಮ್ ಅಂತೂ ಇಲ್ಲವೇ ಇಲ್ಲ. ಟರ್ನಸ್‌ನ ಜೀವ ನರಳುತ್ತಾ, ಸಿಟ್ಟಿನಿಂದ ಕತ್ತಲೆಗೆ ಇಳಿಯುತ್ತದೆ. ಹನ್ನೊಂದನೇ ಪುಸ್ತಕದಲ್ಲಿ ಕೆಮಿಲಾ ಸಾಯುವಾಗ ಬಂದಿದ್ದ ಸಾಲೇ ಇದು, ಅಕ್ಷರಕ್ಕೆ ಅಕ್ಷರ.

ಸರಿ, ನಿಮ್ಮ ಪುಸ್ತಕ ತೆಗೆಯಿರಿ. ಹನ್ನೆರಡನೆಯದು, ಟರ್ನಸ್ ಕೈ ಚಾಚಿ ಬೇಡಿಕೊಳ್ಳುವಲ್ಲಿಂದ. ಒಬ್ಬೊಬ್ಬರು ನಾಲ್ಕು ಸಾಲು ಜೋರಾಗಿ ಓದಿ. ಹಿಂದೆ ಕೂತಿರುವ ಅಮ್ಮಂದಿರಿಗೂ ಕೇಳಿಸಲಿ.