ಚಾದಾಗಿನ ಸಕ್ಕರಿ ಎಣಿಸ್ರಿ

ಎಲ್ಲರಿಗೂ ಶರಣು ಶರಣಾರ್ಥಿ. ಈ ಹೊತ್ತಿಗಿ ರೇಡಿಯೋ ಹಚ್ಕೊಂಡು ಕುಂತಿರೋ ಅವ್ವಗೋಳೇ, ಅಪ್ಪಗೋಳೇ, ಮತ್ತ ಊರು ಬಿಟ್ಟು ಕಲಬುರಗಿಗಿ ಬಂದು ರೂಮ್ ಮಾಡ್ಕೊಂಡು ಓದ್ಲತ್ತಿರೋ ಹುಡುಗ ಹುಡುಗೇರೇ, ಇವತ್ತ ನನಗ ಕೊಟ್ಟಿದ್ದು ಹರೆಯದವರ ಬೊಜ್ಜಿನ ವಿಷಯ. ವಿಷಯ ದೊಡ್ಡದದ, ಟೈಮ್ ಸಣ್ಣದದ, ಅದಕ್ಕ ನಾ ಒಂದೇ ಮಾತು ಹೇಳ್ತೀನಿ, ಕುಡಿಯೋ ಸಕ್ಕರಿ ಕಮ್ಮಿ ಮಾಡ್ರಿ. ತಿನ್ನೋದು ಆಮ್ಯಾಲ ನೋಡೋಣು, ಮೊದಲ ಕುಡಿಯೋದು ನೋಡ್ರಿ.

ಬೊಜ್ಜು ಬಂದದೋ ಇಲ್ಲೋ ಅಂತ ತಿಳಿಲಿಕ್ಕ ದವಾಖಾನಿಗೇ ಬರಬೇಕಂತಿಲ್ಲ. ನಿಮ್ಮ ಎತ್ತರದಷ್ಟು ಒಂದು ದಾರ ತಗೋರಿ, ಅದನ್ನ ನಡುಮಧ್ಯ ಮಡಚ್ರಿ, ಮಡಚಿದ ದಾರ ಹೊಟ್ಟಿ ಸುತ್ತ ಬರ್ತದೇನು ನೋಡ್ರಿ. ಬರಲಿಲ್ಲಂದ್ರ ಹೊಟ್ಟಿ ಬೆಳದದ ಅಂತ ತಿಳೀರಿ. ಟೇಪ್ ಇದ್ರ ಗಂಡುಮಕ್ಕಳಿಗಿ 90 ಸೆಂಟಿಮೀಟರ್, ಹೆಣ್ಣುಮಕ್ಕಳಿಗಿ 80, ಅದರ ಮ್ಯಾಲ ಹೋಗಬಾರದು. ಕೈಕಾಲು ತೆಳ್ಳಗಿದ್ದು ಹೊಟ್ಟಿ ಒಂದೇ ಮುಂದ ಬಂದಿರ್ತದಲ್ರಿ, ನಮ್ಮ ಮಂದಿಗಿ ಸಕ್ಕರಿ ಕಾಯಿಲೆ ಬರೋ ಸಾಧ್ಯತೆ ಆ ಹೊಟ್ಟಿಯಿಂದ ಜಾಸ್ತಿ ಆಗ್ತದ.

ಈಗ ಒಂದು ಹುಡುಗನ ಮಾತು ಹೇಳ್ತೀನಿ. ಜೇವರ್ಗಿ ಕಡಿಯವ, 24 ವರ್ಷ, ಪಿಎಸ್ಐ ಪರೀಕ್ಷಾಕ್ಕ ಓದ್ಲತ್ತಿದ್ದ. ಮುಂಜಾನಿ ಲೈಬ್ರರಿಯೊಳಗ ಕುಂತ್ರ ರಾತ್ರಿ ಏಳೋದು. ಎರಡು ವರ್ಷದಾಗ ತೂಕ 88 ಕಿಲೋ ಆಗಿತ್ತು, ಓಡೋ ಟೆಸ್ಟ್ ಹೆಂಗ ಪಾಸ್ ಆಗಲಿ ಸರ್ ಅಂತ ಅಳೋ ಮಾರಿ ಮಾಡ್ಕೊಂಡು ಬಂದಿದ್ದ, ಜೊತಿಗಿ ಅವರವ್ವ. ಆಕಿ ಸಿಟ್ಟು ಬ್ಯಾರೇ ಇತ್ತು. ವಾರಕ್ಕೊಮ್ಮೆ ಬಸ್ಸಿಗಿ ಕಟ್ಟಿ ಕಳಸೋ ಕಟಕ ರೊಟ್ಟಿ, ಶೇಂಗಾ ಹಿಂಡಿ ಹಂಗೇ ವಾಪಸ್ ಬರ್ಲತ್ತಿದ್ವು, ಯಾಕಂದ್ರ ರೊಟ್ಟಿ ತಿಂದ್ರ ದಪ್ಪ ಆಗ್ತಾರಂತ ಯಾರೋ ಮೊಬೈಲ್‌ದಾಗ ಹೇಳಿದ್ರಂತ, ಇವ ರಾತ್ರಿ ಎರಡು ರೊಟ್ಟಿ ಬಿಟ್ಟುಬಿಟ್ಟಿದ್ದ. ನೋಡ್ರಿ, ಇದನ್ನ ಕೇಳಿದ್ರ ನನಗ ಸಂಕಟ ಆಗ್ತದ, ನಮ್ಮ ಅಜ್ಜ ಮುತ್ಯಾ ಅದೇ ಜ್ವಾಳದ ರೊಟ್ಟಿ ತಿಂದು ಹೊಲದಾಗ ದುಡದವರು.

ನಾ ಕೇಳ್ದೆ, ದಿನಕ್ಕ ಎಷ್ಟು ಚಾ ಕುಡಿತಿ ತಮ್ಮಾ. ನಾಕೈದು ಸರ್ ಅಂದ. ಖರೇ ಹೇಳು ಅಂದೆ. ಮುಂಜಾನಿ ಎದ್ದಕೂಡ್ಲೇ ಒಂದು, ನಾಷ್ಟಾದ ಜೊತಿ ಒಂದು, ಲೈಬ್ರರಿ ಹೊರಗ ಗೆಳೆಯರು ಕರದಾಗೆಲ್ಲ ಒಂದೊಂದು, ರಾತ್ರಿ ನಿದ್ದಿ ಬರಬಾರದಂತ ಮತ್ತೆರಡು, ಬೆರಳಿಲೆ ಎಣಿಸಿದ್ರ ಎಂಟಾದವು. ನಾ ಕಂಪೌಂಡರ್‌ಗಿ ಹೇಳಿ ಸಕ್ಕರಿ ಡಬ್ಬಿ ತರಸ್ದೆ, ಟೇಬಲ್ ಮ್ಯಾಲ ಪೇಪರ್ ಹಾಸಿ, ಅವನ ಕೈಲೇ ಹಾಕಸ್ದೆ. ಚಾಕ್ಕ ಎರಡು ಚಮಚದಂಗ ಹದಿನಾರು. ಬ್ಯಾಸಗಿ ದಿನ, ಕಲಬುರಗಿ ಬಿಸಲು ನಿಮಗ ಗೊತ್ತೇ ಅದ, ಸಂಜಿಗಿ ಒಂದು ದೊಡ್ಡ ಕೂಲ್ ಡ್ರಿಂಕ್ ಬಾಟಲಿ ಬ್ಯಾರೇ. ಬಾಟಲಿ ಹಿಂದ ಸಣ್ಣ ಅಕ್ಷರದಾಗ ಬರದಿರ್ತದ ಓದ್ರಿ, 600 ಎಂಎಲ್‌ದಾಗ ಸುಮಾರು 60 ಗ್ರಾಂ ಸಕ್ಕರಿ ಇರ್ತದ, ಅಂದ್ರ ಹನ್ನೆರಡು ಚಮಚ. ಅವೂ ಹಾಕು ಅಂದೆ. ಒಟ್ಟು ಇಪ್ಪತ್ತೆಂಟು ಚಮಚ, 140 ಗ್ರಾಂ. ಪೇಪರ್ ಮ್ಯಾಲ ಗುಡ್ಡ ಆಗಿತ್ರಿ. ಅವರವ್ವ ಬಾಯಿಗಿ ಸೆರಗು ಹಿಡ್ಕೊಂಡು ನೋಡ್ತಾ ನಿಂತಿದ್ಲು. ಅಷ್ಟು ಸಕ್ಕರಿಯೊಳಗಿನ ಶಕ್ತಿ ಹೆಚ್ಚುಕಮ್ಮಿ ನಾಕು ರೊಟ್ಟಿಗಿ ಸಮ. ಎರಡು ರೊಟ್ಟಿ ಬಿಟ್ಟು ನಾಕು ರೊಟ್ಟಿ ಕುಡಿಲತ್ತಿದ್ದ ಆ ಹುಡುಗ! ರೊಟ್ಟಿ ಅಗದು ತಿಂದ್ರ ಹೊಟ್ಟಿ ತುಂಬ್ತದ, ಸಕ್ಕರಿ ನೀರು ಕುಡದ್ರ ಹೊಟ್ಟಿಗಿ ಗೊತ್ತೇ ಆಗಂಗಿಲ್ಲ, ಮತ್ತ ಹಸಿವು ಹಂಗೇ ಇರ್ತದ, ಮತ್ತ ಮಿರ್ಚಿ ಭಜಿ ಬೇಕನಸ್ತದ. ಸಕ್ಕರಿ ದಿನಕ್ಕ 50 ಗ್ರಾಂ ದಾಟಬಾರದು, 25ರ ಒಳಗಿದ್ರ ಇನ್ನೂ ಛಲೋ ಅಂತ ವಿಶ್ವ ಆರೋಗ್ಯ ಸಂಸ್ಥೆ 2015ರಾಗೇ ಹೇಳ್ಯಾದ.

ಅವನಿಗಿ ನಾ ಗುಳಿಗಿ ಬರೀಲಿಲ್ಲ. ಬಾಟಲಿ ಬಂದ್, ಚಾ ಎರಡೇ, ಬ್ಯಾಸಗಿಗಿ ಉಪ್ಪು ಹಾಕಿದ ಮಜ್ಜಿಗಿ, ಅವ್ವನ ರೊಟ್ಟಿ ಪುಂಡಿಪಲ್ಯ ಚಾಲೂ, ಸಂಜಿಮುಂದ ಇಲ್ಲೇ ಕಲಬುರಗಿ ಅಪ್ಪನ ಕೆರಿ ದಂಡಿಗಿ ಮುಕ್ಕಾಲು ತಾಸು ಜೋರು ನಡಿಗಿ. ಆರು ತಿಂಗಳಿಗಿ 81 ಕಿಲೋಕ್ಕ ಬಂದ. ನೂರಕ್ಕ ಐದರಿಂದ ಹತ್ತರಷ್ಟು ತೂಕ ಇಳದ್ರೂ ಬಿಪಿ, ರಕ್ತದಾಗಿನ ಸಕ್ಕರಿ ಎರಡೂ ಸುಧಾರಸ್ತಾವ.

ಅಯ್ಯೋ, ಟೈಮ್ ಆಗ್ಲಿಕ್ಕ ಬಂತು, ಉಳಿದದ್ದು ಬ್ಯಾಗನೇ ಹೇಳ್ತೀನಿ. ರಾತ್ರಿ ಎರಡರ ತನ ಮೊಬೈಲ್ ನೋಡಬ್ಯಾಡ್ರಿ, ನಿದ್ದಿಗೆಟ್ಟ್ರ ಮರುದಿನ ಹಸಿವು ಜಾಸ್ತಿ ಆಗ್ತದ. ಹೆಣ್ಣುಮಕ್ಕಳಿಗಿ ಮುಟ್ಟು ಏರುಪೇರಾಗಿ ತೂಕ ಏರಿದ್ರ ಪಿಸಿಓಡಿ ಅಂದ್ರ ಅಂಡಾಶಯದ ಹಾರ್ಮೋನ್ ತೊಂದ್ರಿ, ಮತ್ತ ಥೈರಾಯ್ಡ್ ತೋರಸ್ಕೋರಿ, ನಾಚಬ್ಯಾಡ್ರಿ. ತೂಕ ಇಳಸೋ ಇಂಜೆಕ್ಷನ್ ಈಗ ಬಂದಾವ, ಭಾಳ ಬೊಜ್ಜಿದ್ದವರಿಗಿ ಆಪರೇಷನ್ನೂ ಅದ, ಎರಡೂ ಡಾಕ್ಟರ್ ನೋಡಿ ಹೇಳಿದ್ರಷ್ಟೇ. ಹೆಸರಿಲ್ಲದ ಪೌಡರ್, ಪುಡಿಕಿ ಔಷಧ ಮಾತ್ರ ಮುಟ್ಟಬ್ಯಾಡ್ರಿ, ಕೈ ಮುಗಿದು ಹೇಳ್ತೀನಿ.

ಮತ್ತ ಕುಡಿಯೋ ಸಕ್ಕರಿಗೇ ಬರ್ತೀನಿ. ಅವ್ವಗೋಳೇ, ನಾಳಿ ಮುಂಜಾನಿ ಮಗನ ಚಾದಾಗ ಎರಡು ಚಮಚ ಇದ್ದದ್ದು ಒಂದೂವರಿ ಮಾಡ್ರಿ, ಮುಂದಿನ ವಾರ ಒಂದು, ಅದರ ಮುಂದಿನ ವಾರ ಅರ್ಧ. ಅವನಿಗಿ ಹೇಳಬ್ಯಾಡ್ರಿ, ನಾಲಿಗಿ ತಾನೇ ಹೊಂದ್ಕೋತದ. ಬರ್ತೀನ್ರಿ, ಶರಣು.