ದೊರೆಯ ದೆವ್ವ ಮತ್ತು ಆ ಹಳೆಯ ಕವಚ

ಕೇಳುಗರೇ, ನಮಸ್ಕಾರ.

ನಡುರಾತ್ರಿ. ಡೆನ್ಮಾರ್ಕಿನ ಎಲ್ಸಿನೋರ್ ಕೋಟೆ. ಕೊರೆಯುವ ಚಳಿಯಲ್ಲಿ ಕಾವಲು ಬದಲಾಗುವ ಹೊತ್ತು. "ಯಾರದು?" ಅಂತ ಒಂದು ದನಿ. ಹಾಗೆ ಕೇಳಬೇಕಾದವನು ಕಾವಲಿಗೆ ನಿಂತವನು, ಅಲ್ವಾ? ಇಲ್ಲಿ ಕೇಳುವವನು ಈಗಷ್ಟೇ ಬರುತ್ತಿರುವ ಬರ್ನಾರ್ಡೊ. ಶೇಕ್ಸ್‌ಪಿಯರನ 'ಹ್ಯಾಮ್ಲೆಟ್' ಶುರುವಾಗುವುದು ಹೀಗೆ. ದೆವ್ವ ಇನ್ನೂ ಬಂದಿಲ್ಲ, ಅದರ ಭಯ ಆಗಲೇ ಬಂದು ಕೂತಿದೆ.

ಆಮೇಲೆ ದೆವ್ವವೂ ಬರುತ್ತದೆ. ತೀರಿಹೋದ ದೊರೆಯದೇ ರೂಪ, ಮೈತುಂಬ ಯುದ್ಧದ ಕವಚ. ಹಿಂದೆ ನಾರ್ವೆಯ ದೊರೆಯೊಡನೆ ಕಾದಾಡಿದಾಗ ತೊಟ್ಟಿದ್ದ ಕವಚ ಇದೇ ಅಂತ ರಾಜಕುಮಾರ ಹ್ಯಾಮ್ಲೆಟ್‌ನ ಗೆಳೆಯ ಹೊರೇಷಿಯೊ ಗುರುತು ಹಿಡಿಯುತ್ತಾನೆ. ಈ ಕವಚ ನಿಮ್ಮ ನೆನಪಿನಲ್ಲಿರಲಿ. "ನೀನು ಓದಿದವನು, ನೀನೇ ಮಾತಾಡಿಸು" ಅಂತ ಕಾವಲಿನವನು ಹೊರೇಷಿಯೊಗೆ ದುಂಬಾಲು ಬೀಳುತ್ತಾನೆ. ದೆವ್ವ ತುಟಿ ಬಿಚ್ಚುವುದಿಲ್ಲ. ಕೋಳಿ ಕೂಗುತ್ತದೆ, ದೆವ್ವ ಮಾಯ. ಅದಕ್ಕೆ ಬೇಕಾಗಿರುವುದು ಮಗ ಹ್ಯಾಮ್ಲೆಟ್ ಒಬ್ಬನೇ.

ಲಂಡನ್ನಿನ ಪ್ರೇಕ್ಷಕರಿಗೆ ರಂಗದ ಮೇಲಿನ ದೆವ್ವ ಹೊಸದೇನಲ್ಲ. ಇದೇ ಕಥೆಯ ಹಳೆಯ ನಾಟಕವೊಂದಿತ್ತು. ಅದರ ದೆವ್ವ "ಹ್ಯಾಮ್ಲೆಟ್, ಸೇಡು!" ಅಂತ ಸಿಂಪಿ ಮಾರುವವಳ ಹಾಗೆ ಕೂಗುತ್ತದೆ ಎಂದು 1596ರಲ್ಲಿ ಥಾಮಸ್ ಲಾಡ್ಜ್ ಎಂಬ ಲೇಖಕ ಗೇಲಿ ಮಾಡಿದ್ದ. ಶೇಕ್ಸ್‌ಪಿಯರನ ದೆವ್ವ ತನ್ನ ಸಂಕಟ ಹೇಳಿಕೊಳ್ಳುತ್ತದೆ. ತೋಟದಲ್ಲಿ ಮಲಗಿದ್ದೆ, ಒಡಹುಟ್ಟಿದ ತಮ್ಮನೇ ಕಿವಿಗೆ ವಿಷ ಸುರಿದ, ನನ್ನ ಗದ್ದುಗೆಯನ್ನೂ ಹೆಂಡತಿಯನ್ನೂ ತನ್ನದಾಗಿಸಿಕೊಂಡ. ಪಾಪ ತೊಳೆದುಕೊಳ್ಳಲೂ ಪುರುಸೊತ್ತು ಸಿಗಲಿಲ್ಲ. ಹಗಲೆಲ್ಲ ಬೆಂಕಿ, ರಾತ್ರಿಯೆಲ್ಲ ಅಲೆದಾಟ. ಕಾಗೆ ಪಿಂಡ ಮುಟ್ಟದಿದ್ದರೆ "ಏನೋ ಆಸೆ ಉಳಿದಿದೆ" ಅನ್ನುವ ನಮಗೆ ಇದು ಬಿಡಿಸಿ ಹೇಳಬೇಕಾದ ಮಾತಲ್ಲ. ಕುವೆಂಪು ಈ ನಾಟಕವನ್ನು 'ರಕ್ತಾಕ್ಷಿ'ಯಾಗಿ ಬಿದನೂರಿಗೆ ಕರೆತಂದದ್ದು ಸುಮ್ನೆ ಅಲ್ಲ.

ಈಗ ದೆವ್ವದ ಅಪ್ಪಣೆ ನೋಡಿ. ಸೇಡು ತೀರಿಸು. ಆದರೆ ಮನಸ್ಸು ಕೆಡಿಸಿಕೊಳ್ಳಬೇಡ. ತಾಯಿಯ ತಂಟೆಗೆ ಹೋಗಬೇಡ, ಅವಳನ್ನು ದೇವರಿಗೆ ಬಿಡು. ಕೊಲೆಯೂ ಆಗಬೇಕು, ಮನಸ್ಸೂ ತಿಳಿಯಾಗಿರಬೇಕು! ಯಾವ ಮಗನಿಂದ ಆದೀತು? ಹೊರಡುವಾಗ ಇನ್ನೂ ಒಂದು ಮಾತು: ನನ್ನನ್ನು ಮರೆಯಬೇಡ.

ಇಷ್ಟು ಹೇಳಿ ಅದು ಹೋಗಿಬಿಡುತ್ತದೆ. ಸಾಕ್ಷಿ ಎಲ್ಲಿದೆ? ಹ್ಯಾಮ್ಲೆಟ್ ಓದಿದ್ದು ವಿಟೆನ್‌ಬರ್ಗಿನಲ್ಲಿ, ಅಂದರೆ ಕ್ರೈಸ್ತರಲ್ಲಿ ಪ್ರಾಟೆಸ್ಟಂಟ್ ಪಂಥಕ್ಕೆ ನಾಂದಿ ಹಾಡಿದ ಮಾರ್ಟಿನ್ ಲೂಥರನ ಊರಿನಲ್ಲಿ. ಸತ್ತವರು ಬೆಂಕಿಯಲ್ಲಿ ಬೆಂದು ಪಾಪ ಕಳೆದುಕೊಳ್ಳುತ್ತಾರೆ ಅನ್ನುವುದನ್ನು ಪ್ರಾಟೆಸ್ಟಂಟರು ಒಪ್ಪುವುದಿಲ್ಲ. ಹಾಗಾದರೆ ಬಂದದ್ದು ಅಪ್ಪನೋ, ಅಪ್ಪನ ವೇಷದ ಸೈತಾನನೋ? ಅಂಥದ್ದೇ ಕೊಲೆಯ ನಾಟಕವೊಂದನ್ನು ಆಡಿಸಿ ಚಿಕ್ಕಪ್ಪ ಕ್ಲಾಡಿಯಸ್‌ನ ಮುಖ ನೋಡಿದ ಮೇಲೇ ಅವನಿಗೆ ನಂಬಿಕೆ ಬರುವುದು.

ದೆವ್ವ ಇನ್ನೊಮ್ಮೆ ಬರುತ್ತದೆ, ತಾಯಿಯ ಕೋಣೆಗೆ. ಹ್ಯಾಮ್ಲೆಟ್ ಅಷ್ಟರಲ್ಲಿ ತಪ್ಪಾದ ಮನುಷ್ಯನನ್ನು ಇರಿದು ಕೊಂದಾಗಿದೆ. ದೆವ್ವ ಮಗನಿಗೆ ಕಾಣುತ್ತದೆ, ಹೆಂಡತಿಗೆ ಕಾಣುವುದಿಲ್ಲ. ಮಗ ಗಾಳಿಯ ಜೊತೆ ಮಾತಾಡುತ್ತಿದ್ದಾನೆ ಅಂತ ಅವಳು ಗಾಬರಿಯಾಗುತ್ತಾಳೆ. ನನ್ನ ಪಾಲಿಗೆ ಇಡೀ ನಾಟಕದಲ್ಲಿ ಇದಕ್ಕಿಂತ ಒಂಟಿಯಾದ ಗಳಿಗೆ ಇಲ್ಲ. ಆಮೇಲೆ ದೆವ್ವ ಬರುವುದೇ ಇಲ್ಲ.

ಕೊನೆಯಲ್ಲಿ ತಾಯಿ ಸಾಯುತ್ತಾಳೆ, ಅವಳ ಹಿಂದೆಯೇ ಕ್ಲಾಡಿಯಸ್ ಕೂಡ ಸಾಯುತ್ತಾನೆ. ಅವನ ಬಾಯಿಗೆ ವಿಷ ಹೊಯ್ಯುತ್ತಾ ಹ್ಯಾಮ್ಲೆಟ್ ಅನ್ನುವುದು, "ನನ್ನ ತಾಯಿಯ ಹಿಂದೆ ಹೋಗು" ಅಂತ. ಅಪ್ಪನ ಸುದ್ದಿಯೇ ಇಲ್ಲ. ಒಟ್ಟು 8 ಜೀವ ಹೋಗಿವೆ. ಆಗ ಬರುತ್ತಾನೆ ಫೋರ್ಟಿನ್‌ಬ್ರಾಸ್. ಆ ಕವಚ ತೊಟ್ಟು ದೊರೆ ಕೊಂದಿದ್ದನಲ್ಲ, ಆ ನಾರ್ವೆ ದೊರೆಯ ಮಗ. ಡೆನ್ಮಾರ್ಕಿನ ಗದ್ದುಗೆ ತನ್ನದು ಅನ್ನುತ್ತಾನೆ. ಬೇಡ ಅನ್ನುವವರು ಯಾರೂ ಇಲ್ಲ. ಸಾಯುವ ಮುಂಚೆ ಹ್ಯಾಮ್ಲೆಟ್ ಕೂಡ ಅವನ ಹೆಸರನ್ನೇ ಹೇಳಿದ್ದ.

ನಮಸ್ಕಾರ.