ಮಿಠಿ ಅಂದರೆ ಸಿಹಿ: ಪವಾಯಿಯಿಂದ ಮಾಹಿಮ್ ತನಕ ಅಪ್ಪನ ಜೊತೆ ಒಂದು ದಿನ

ನಮಸ್ಕಾರ. ಈ ಸದ್ದು ಸ್ವಲ್ಪ ಹೊತ್ತು ಕೇಳಿ, ಆಮೇಲೆ ಮಾತಾಡ್ತೇನೆ.

ಕೇಳಿಸ್ತಲ್ಲ? ಕಲ್ಲಿನ ಮೇಲೆ ನೀರು ಹರಿಯುವ ಸದ್ದು. ಕಾರ್ಕಳದ ಕಡೆ ನಮ್ಮ ಊರಲ್ಲಿ ಮಳೆಗಾಲಕ್ಕೆ ತೋಡಿನ ಬದಿ ನಿಂತರೆ ಹೀಗೇ ಕೇಳ್ತದೆ. ಆದರೆ ಇದು ಊರಲ್ಲ, ಮುಂಬಯಿ. ಪವಾಯಿ ಪಕ್ಕದ ಫಿಲ್ಟರ್‌ಪಾಡಾ. ಆಗಸ್ಟ್ ತಿಂಗಳು, ಬೆಳಿಗ್ಗೆ ಆರೂವರೆ. ವಿಹಾರ್ ಕೆರೆ ತುಂಬಿ ಕೋಡಿ ಹರೀತಾ ಉಂಟು, ಆ ನೀರೇ ಇದು. ಇದರ ಹೆಸರು ಮಿಠಿ ನದಿ. ಮಿಠಿ ಅಂದರೆ ಸಿಹಿ.

ಫ್ರೇಮಿನ ಎಡಗಡೆ, ಪ್ಯಾಂಟು ಮೊಣಕಾಲ ತನಕ ಮಡಚಿ ನೀರಲ್ಲಿ ನಿಂತಿರುವವರು ನನ್ನ ಅಪ್ಪ. ಮಿಠಿಯ ಉದ್ದ ಸುಮಾರು 18 ಕಿಲೋಮೀಟರ್. ಇವತ್ತು ಅಷ್ಟನ್ನೂ ಅಪ್ಪನ ಜೊತೆ ನೋಡಿಕೊಂಡು ಹೋಗುವುದು ಅಂತ ನಿರ್ಧಾರ. ಸ್ವಲ್ಪ ನಡೆದು, ಸ್ವಲ್ಪ ರಿಕ್ಷಾದಲ್ಲಿ, ಕೊನೆಗೆ ಬಸ್ಸಲ್ಲಿ.

ಮುಂಬಯಿಯ ಹಳೇ ಕೈಗಾರಿಕೆ ಅಂದ ಕೂಡಲೇ ಎಲ್ಲರೂ ಪರೇಲ್, ಲಾಲ್‌ಬಾಗ್ ಕಡೆಯ ಬಟ್ಟೆ ಗಿರಣಿಗಳನ್ನೇ ನೆನಪು ಮಾಡಿಕೊಳ್ತಾರೆ. 1982ರ ಜನವರಿ 18ಕ್ಕೆ ಶುರುವಾದ ಮುಷ್ಕರ, ಕಾರ್ಮಿಕ ನಾಯಕ ದತ್ತಾ ಸಾಮಂತ್, ಕೆಲಸ ಕಳೆದುಕೊಂಡ ಲಕ್ಷಾಂತರ ಜನ. ಆ ಕತೆ ದೊಡ್ಡದು, ಹೇಳುವವರೂ ಬೇಕಾದಷ್ಟು ಜನ ಇದ್ದಾರೆ. ಮಿಠಿಯ ದಂಡೆಯಲ್ಲೂ ಒಂದು ಕೈಗಾರಿಕೆಯ ಊರಿತ್ತು. ಕಾರು, ಟ್ಯೂಬು, ನಟ್ಟು ಬೋಲ್ಟು, ಚರ್ಮ, ಡ್ರಮ್ಮು. ನಾನು ಹುಟ್ಟಿ ಬೆಳೆದದ್ದು ಅದರ ನಡುವೆ, ಕುರ್ಲಾದಲ್ಲಿ. ಆ ಊರಿನ ಬಗ್ಗೆ, ಅದರ ನದಿಯ ಬಗ್ಗೆ ಕನ್ನಡದಲ್ಲಿ ಒಂದು ವೀಡಿಯೊ ಮಾಡಬೇಕು ಅಂತ ತುಂಬ ವರ್ಷದಿಂದ ಮನಸ್ಸಲ್ಲಿತ್ತು.

ಈಗ ಮರಗಳ ಸಂದಿಯಲ್ಲಿ ಕಾಣ್ತಾ ಇರುವುದು ವಿಹಾರ್ ಕಡೆಯ ಗುಡ್ಡ. ನಲ್ಲಿಯಲ್ಲಿ ನೀರು ಬರುವುದು ಅಂದರೆ ಏನು ಅಂತ ಮುಂಬಯಿಗೆ ಗೊತ್ತಾದದ್ದು ಈ ಕೆರೆಯಿಂದ. 1856ರಲ್ಲಿ ಕೆಲಸ ಹಿಡಿದು 1860ಕ್ಕೆ ಮುಗಿಸಿದರು. ಮಿಠಿಯ ನೆತ್ತಿಯಲ್ಲೇ ಕಟ್ಟೆ ಕಟ್ಟಿದ ಕಾರಣ, ಆಮೇಲೆ ನದಿಗೆ ಸಿಕ್ಕಿದ್ದು ಕೆರೆ ತುಂಬಿ ಉಳಿದ ನೀರು ಮಾತ್ರ. 1891ರ ಹೊತ್ತಿಗೆ ಪವಾಯಿ ಕೆರೆಯೂ ಆಯಿತು. ಅದರ ಕೋಡಿಯೂ ಇಲ್ಲಿಗೇ ಬಂದು ಸೇರ್ತದೆ. ಪವಾಯಿ ನೀರು ಕುಡಿಯಲಿಕ್ಕೆ ಆಗದು ಅಂತಾದ ಮೇಲೆ ಕಾರ್ಖಾನೆ, ತೋಟಕ್ಕೆ ಬಿಟ್ಟರು. ಇವತ್ತು ಅಲ್ಲಿ ಮೊಸಳೆಗಳಿವೆ, ಸುತ್ತ ಮೂವತ್ತು ಮಹಡಿಯ ಕಟ್ಟಡಗಳಿವೆ. 1958ರಲ್ಲಿ ಐಐಟಿ ಬಂತು. ಕಲ್ಲುಕೋರೆಗಳಿದ್ದ ಜಾಗದಲ್ಲಿ ಹಿರಾನಂದಾನಿ ಬಡಾವಣೆ ಎದ್ದಿತು. ನಮ್ಮ ಬಂಟರ ಸಂಘದ ಎಸ್.ಎಂ. ಶೆಟ್ಟಿ ವಿದ್ಯಾಸಂಸ್ಥೆಯೂ ಇಲ್ಲೇ. ಸಂಜೆ ಹೊತ್ತು ಅದರ ಗೇಟಿನ ಹತ್ತಿರ ಅರ್ಧ ಗಂಟೆ ನಿಂತರೆ ಎರಡು ಮಾತಾದರೂ ತುಳು ಕಿವಿಗೆ ಬೀಳ್ತದೆ.

ಅಪ್ಪ ನೀರನ್ನು ಬೊಗಸೆಯಲ್ಲಿ ಎತ್ತಿ ನೋಡಿದರು. "ಮಗಾ, ಇಲ್ಲಿ ಈಗ್ಲೂ ತಿಳಿ ಉಂಟಲ್ಲ," ಅಂದರು. ಆಶ್ಚರ್ಯ ಅವರಿಗೆ. ಐವತ್ತು ವರ್ಷಕ್ಕಿಂತ ಹೆಚ್ಚು ಈ ನದಿಯ ಪಕ್ಕ ಬದುಕಿದವರು, ಅದನ್ನು ಮುಟ್ಟಿದ್ದು ಇವತ್ತೇ ಮೊದಲು.

ಇಲ್ಲಿಂದ ಎರಡು ಮೂರು ಕಿಲೋಮೀಟರ್ ಕೆಳಗೆ ಹೋದರೆ ನೀರಿನ ಬಣ್ಣ ನೋಡಿ. ಮರೋಳ್, ಸಾಕಿನಾಕಾ. ಮೊದಲು ತಬೇಲಾಗಳ ಸಗಣಿ, ಮತ್ತೆ ಮನೆಗಳ ಕೊಳಚೆ, ಆಮೇಲೆ ಗಾಳಾಗಳು. ಊರಲ್ಲಿ ಇದ್ದವರಿಗೆ ಗಾಳಾ ಅಂದರೆ ಗೊತ್ತಾಗ್ಲಿಕ್ಕಿಲ್ಲ. ಉದ್ದ ಕಟ್ಟಡ, ಸಾಲಾಗಿ ಶಟರ್‌ಗಳು, ಒಂದೊಂದು ಶಟರಿನ ಒಳಗೆ ಒಂದೊಂದು ಕಾರ್ಖಾನೆ. ಲೋಹ ಕಡೆಯುವ ಎರಡು ಲೇತ್, ಒಂದು ಡ್ರಿಲ್ಲಿಂಗ್ ಮಷೀನು, ನಾಲ್ಕು ಜನ, ಮೂಲೆಯಲ್ಲಿ ಗಣಪತಿ ಫೋಟೋ. ದೊಡ್ಡ ಕಂಪೆನಿಗಳಿಗೆ ಬೇಕಾದ ಸಣ್ಣ ಸಣ್ಣ ಬಿಡಿಭಾಗಗಳೆಲ್ಲ ಇಂಥ ಕೋಣೆಗಳಲ್ಲೇ ಆಗುತ್ತಿದ್ದವು. ಈಗಲೂ ಕೆಲವು ಉಂಟು.

ಅಪ್ಪ 1969ರಲ್ಲಿ ಹನ್ನೆರಡನೇ ವಯಸ್ಸಿಗೆ ಬಸ್ಸು ಹತ್ತಿ ಬಂದವರು. ಕುರ್ಲಾದ ಒಂದು ಉಡುಪಿ ಹೋಟೆಲಿನಲ್ಲಿ ಟೇಬಲ್ ಒರೆಸಿದರು. ರಾತ್ರಿ ಕನ್ನಡ ಶಾಲೆಗೆ ಹೋದರು. ಹಗಲು ಹೋಟೆಲು, ರಾತ್ರಿ ಶಾಲೆ. ಆ ಕಾಲದ ಎಷ್ಟೋ ಮುಂಬಯಿ ಕನ್ನಡಿಗರ ಕತೆ ಇದು. ರಾತ್ರಿ ಶಾಲೆಗಳು ಇಲ್ಲದಿದ್ದರೆ ನನ್ನ ಅಪ್ಪನಂಥವರು ಕೊನೆ ತನಕ ಕಪ್ಪು ಬಸಿ ತೊಳೀತಾ ಇರ್ತಿದ್ದರು. ಹೋಟೆಲಿಗೆ ಚಹಾ ಕುಡಿಯಲಿಕ್ಕೆ ಬರ್ತಿದ್ದ ಮಿಸ್ತ್ರಿಯೊಬ್ಬರು ಸಾಕಿನಾಕಾಕ್ಕೆ ಕರೆದುಕೊಂಡು ಹೋಗಿ ಲೇತ್ ಕಲಿಸಿದರು. ಇಪ್ಪತ್ತಕ್ಕೆ ಅಪ್ಪ ಟರ್ನರ್ ಆದರು.

ಕ್ಯಾಮೆರಾ ಸ್ವಲ್ಪ ಹತ್ತಿರ ತರ್ತೇನೆ. ಇದು ಅಪ್ಪನ ಬಲಗೈ. ಹೆಬ್ಬೆರಳ ಬುಡದಲ್ಲಿ ಚರ್ಮದ ಒಳಗೆ ನೀಲಿ ಚುಕ್ಕಿಗಳು ಕಾಣ್ತಾವಲ್ಲ? ಅದು ಹಚ್ಚೆಯಲ್ಲ. ಲೇತ್ ತಿರುಗುವಾಗ ಹಾರುವ ಉಕ್ಕಿನ ಚೂರು. ಹಾರಿ ಬಂದು ಚುಚ್ಚಿ ಅಲ್ಲೇ ಉಳಿದದ್ದು. ಕಡೆಯುವ ಉಕ್ಕು ಬಿಸಿಯಾಗಬಾರದು ಅಂತ ಅದರ ಮೇಲೆ ಕೂಲೆಂಟ್ ಬಿಡ್ತಾರೆ. ಎಣ್ಣೆ, ನೀರು ಬೆರೆಸಿದ್ದು, ನೋಡ್ಲಿಕ್ಕೆ ಹಾಲಿನ ಹಾಗೆ ಬೆಳ್ಳಗೆ. ಒಂದು ವಾರ ತಿರುಗಿದ ಮೇಲೆ ಕಪ್ಪಾಗಿ ವಾಸನೆ ಹೊಡೀತದೆ. ಶನಿವಾರ ಸಂಜೆ ಅದನ್ನು ಬಕೆಟಿಗೆ ಬಸಿದು ಹೊರಗಿನ ಗಟಾರಕ್ಕೆ ಚೆಲ್ಲಿ, ಶಟರ್ ಎಳೆದು ಮನೆಗೆ ಬರುವುದು. ಆ ಸಾಲಿನ ಎಲ್ಲರೂ ಅದನ್ನೇ ಮಾಡುತ್ತಿದ್ದರಂತೆ. ಗಟಾರ ಎಲ್ಲಿಗೆ ಹೋಗ್ತದೆ ಅಂತ ಕೇಳಿದೆ. ಅಪ್ಪ ನದಿಯ ಕಡೆ ಕೈ ತೋರಿಸಿದರು. ಮತ್ತೆ ತುಂಬ ಹೊತ್ತು ಮಾತಾಡಲಿಲ್ಲ.

1998ರಲ್ಲಿ ಅವರ ಸೇಠ್ ಗಾಳಾ ಮಾರಿ ಮಷೀನುಗಳನ್ನು ವಸಾಯಿಗೆ ಸಾಗಿಸಿದರು. ಇಪ್ಪತ್ತು ವರ್ಷ ದುಡಿದದ್ದಕ್ಕೆ ಸಿಗಬೇಕಾದ ದುಡ್ಡು ಸಿಗಲಿಲ್ಲ. ಆ ವರ್ಷಗಳಲ್ಲಿ ವಸಾಯಿ, ಭಿವಂಡಿ, ವಾಪಿ ಕಡೆ ಹೋದ ಕಾರ್ಖಾನೆಗಳಿಗೆ ಲೆಕ್ಕವಿಲ್ಲ. ಇಲ್ಲಿ ಜಾಗದ ಬೆಲೆ ಎಷ್ಟು ಏರಿತ್ತು ಅಂದರೆ, ಒಳಗೆ ಏನು ತಯಾರಿಸಿದರೂ ಜಾಗ ಮಾರಿದಷ್ಟು ಲಾಭ ಬರುತ್ತಿರಲಿಲ್ಲ.

ಇನ್ನು ವಿಮಾನ ನಿಲ್ದಾಣ. ಇಲ್ಲಿ ಶೂಟ್ ಮಾಡಲಿಕ್ಕೆ ಆಗುವುದಿಲ್ಲ, ಹಾಗಾಗಿ ಮ್ಯಾಪ್ ತೋರಿಸ್ತೇನೆ. ನೀಲಿ ಗೆರೆ ನೋಡಿ, ನೆಟ್ಟಗೆ ಬರ್ತಾ ಬರ್ತಾ ಇದ್ದಕ್ಕಿದ್ದ ಹಾಗೆ ಮೂಲೆಮಟ್ಟ ಇಟ್ಟು ಎಳೆದ ಹಾಗೆ ತಿರುಗ್ತದೆ. ಯಾವ ನದಿಯೂ ತಾನಾಗಿ ಹೀಗೆ ತಿರುಗುವುದಿಲ್ಲ. ಓಡುದಾರಿಗೆ ಜಾಗ ಬೇಕಿತ್ತು, ನದಿಯನ್ನು ಪಕ್ಕಕ್ಕೆ ಸರಿಸಿದರು, ಒಂದಷ್ಟು ದೂರ ಅಡಿಯಿಂದ ದಾಟಿಸಿದರು. ಜೋರು ಮಳೆಗೆ ಓಡಿ ಬರುವ ನೀರು ಆ ತಿರುವಿನಲ್ಲಿ ತಡೆದು ನಿಂತು ಹಿಂದಕ್ಕೆ ಉಕ್ತದೆ.

ಅದನ್ನು ದಾಟಿದ ಮೇಲೆ ಬೈಲ್ ಬಜಾರ್, ಕ್ರಾಂತಿನಗರ, ಕುರ್ಲಾ. ನನ್ನ ಊರು.

ಕುರ್ಲಾವನ್ನು ಬರೇ ಸ್ಟೇಷನ್ನು, ಜನಜಂಗುಳಿ ಅಂತ ನೋಡಬೇಡಿ. 1886ರಲ್ಲಿ ಜಮ್‌ಶೆಟ್‌ಜಿ ಟಾಟಾ ಇಲ್ಲಿ ನಷ್ಟದಲ್ಲಿದ್ದ ಧರಮ್‌ಸಿ ಮಿಲ್ಲನ್ನು ಕೊಂಡು ಅದಕ್ಕೆ ಸ್ವದೇಶಿ ಅಂತ ಹೆಸರಿಟ್ಟರು. ಗಾಂಧೀಜಿ ದಕ್ಷಿಣ ಆಫ್ರಿಕದಿಂದ ಬರುವುದಕ್ಕಿಂತ ಎಷ್ಟೋ ವರ್ಷ ಮೊದಲು ಕುರ್ಲಾದ ಒಂದು ಗೇಟಿನ ಮೇಲೆ ಆ ಹೆಸರಿತ್ತು ಅಂತ ನೆನೆಸಿಕೊಂಡರೆ ನನಗೆ ಈಗಲೂ ಮೈ ಜುಮ್ ಅಂತದೆ. ಎಲ್‌ಬಿಎಸ್ ರಸ್ತೆಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಇತ್ತು. ನೀವು ಹತ್ತಿದ ಕಪ್ಪು ಹಳದಿ ಟ್ಯಾಕ್ಸಿ, ಆ ಪದ್ಮಿನಿ, ಇಲ್ಲಿಂದಲೇ ಹೊರಟದ್ದು. ಕೊನೆಯ ಪದ್ಮಿನಿ ಟ್ಯಾಕ್ಸಿ 2003ರಲ್ಲಿ ನೋಂದಣಿಯಾಗಿ, ಇಪ್ಪತ್ತು ವರ್ಷದ ಆಯುಸ್ಸು ಮುಗಿಸಿ 2023ರ ಅಕ್ಟೋಬರಿನಲ್ಲಿ ರಸ್ತೆ ಬಿಟ್ಟಿತು. ಕಾರ್ಖಾನೆಯ ಜಾಗದಲ್ಲಿ ಈಗ ಕೊಹಿನೂರ್ ಸಿಟಿಯ ಮನೆಗಳು. ಸ್ವಲ್ಪ ಮುಂದಿನ ಬಸ್ ಸ್ಟಾಪಿನ ಹೆಸರು ಕಮಾನಿ. ಅಲ್ಲಿ ಕಮಾನಿ ಟ್ಯೂಬ್ಸ್ ನಷ್ಟದಲ್ಲಿ ಮುಳುಗಿದಾಗ, 1980ರ ದಶಕದ ಕೊನೆಯಲ್ಲಿ, ಕಾರ್ಮಿಕರೇ ಸಹಕಾರಿ ಸಂಘ ಕಟ್ಟಿ ಸುಪ್ರೀಂ ಕೋರ್ಟಿನ ತನಕ ಹೋಗಿ ಕಾರ್ಖಾನೆಯನ್ನು ತಮ್ಮ ಕೈಗೆ ತೆಗೆದುಕೊಂಡರು. ಕೊನೆ ತನಕ ಉಳಿಯಲಿಲ್ಲ, ನಿಜ. ಆದರೂ ಆ ಸ್ಟಾಪಿನಲ್ಲಿ ಇಳಿಯುವ ಮಕ್ಕಳಿಗೆ ಈ ವಿಷಯ ಗೊತ್ತಿರಬೇಕು ಅಂತ ನನಗೆ ಅನಿಸ್ತದೆ.

ಕುರ್ಲಾ ಪೂರ್ವದಲ್ಲಿ ಬಂಟರ ಭವನ. ಚಿಕ್ಕಂದಿನಲ್ಲಿ ಊರಿನ ಮೇಳಗಳು ಬಂದಾಗ ಅಪ್ಪನ ತೊಡೆ ಮೇಲೆ ನಿದ್ದೆ ತೂಗುತ್ತಾ ಯಕ್ಷಗಾನ ನೋಡಿದ್ದು ಅಲ್ಲೇ. ನದಿಯ ಆಚೆ ದಡದ ಕಲೀನಾದಲ್ಲಿ ವಿಶ್ವವಿದ್ಯಾಲಯ, ಅದರಲ್ಲಿ ಕನ್ನಡ ವಿಭಾಗ. ನಾನು ಎಂ.ಎ. ಮಾಡಿದ್ದು ಅಲ್ಲಿ.

ಈಗ ನಮ್ಮ ಹಳೇ ಮನೆ. ಈಗಿನ ಬಾಡಿಗೆಯವರು ಒಳಗೆ ಬಂದು ಶೂಟ್ ಮಾಡಲಿಕ್ಕೆ ಬಿಟ್ಟರು, ಚಹಾವನ್ನೂ ಕೊಟ್ಟರು. ಅವರಿಗೆ ತುಂಬ ಧನ್ಯವಾದ. ಈ ಗೋಡೆ ನೋಡಿ. ನನ್ನ ಭುಜಕ್ಕಿಂತ ಸ್ವಲ್ಪ ಮೇಲೆ ಒಂದು ಕಂದು ಗೆರೆ. 2005ರ ಜುಲೈ 26ರ ಗೆರೆ ಇದು.

ಆ ದಿನ ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ ಬಿತ್ತು. ಅದೇ ಹೊತ್ತಿಗೆ ಕಡಲಲ್ಲಿ ಉಬ್ಬರ. ಮೇಲಿನ ನೀರು ಇಳಿಯುವ ಹಾಗಿಲ್ಲ, ಕೆಳಗಿನ ನೀರು ಏರಿ ಬರ್ತಾ ಉಂಟು. ಮಧ್ಯಾಹ್ನ ಮೂರಕ್ಕೆ ಹೊಸ್ತಿಲಲ್ಲಿದ್ದ ನೀರು ನಾಲ್ಕೂವರೆಗೆ ಮಂಚದ ಮೇಲಿತ್ತು. ಅಮ್ಮ ನನ್ನನ್ನೂ ತಮ್ಮನನ್ನೂ ಮೇಲಿನ ಮನೆಯವರ ಹತ್ತಿರ ಬಿಟ್ಟು ಮತ್ತೆ ಇಳಿದು ಹೋದರು. ತಂದದ್ದು ದೇವರ ದೀಪ ಮತ್ತು ಅಪ್ಪನ ರಾತ್ರಿ ಶಾಲೆಯ ಸರ್ಟಿಫಿಕೇಟ್ ಇದ್ದ ತಗಡಿನ ಪೆಟ್ಟಿಗೆ. ಆಗ ಅಪ್ಪ ಸಾಕಿನಾಕಾದಲ್ಲೇ ಇನ್ನೊಂದು ಗಾಳಾದಲ್ಲಿ ಕೆಲಸಕ್ಕಿದ್ದರು. ಗುರುತೇ ಇಲ್ಲದ ಜನರ ಜೊತೆ ಒಂದೇ ಹಗ್ಗ ಹಿಡಿದು, ಕುತ್ತಿಗೆ ಮಟ್ಟದ ನೀರಲ್ಲಿ ನಡೆದು, ಮಾರನೇ ದಿನ ಬೆಳಿಗ್ಗೆ ಮನೆ ಮುಟ್ಟಿದರು. ಮುಂಬಯಿಯಲ್ಲಿ ಆ ಮಳೆಗೆ ನೂರಾರು ಜನ ತೀರಿಹೋದರು. ನಮ್ಮ ಗಲ್ಲಿಯಿಂದಲೂ ಇಬ್ಬರು.

ನೀರು ಇಳಿದ ಮೇಲೆ ಗೋಡೆಯಲ್ಲಿ ಜಿಡ್ಡಿನ ಕಪ್ಪು ಪಟ್ಟಿ ಉಳಿದಿತ್ತು. ಅಮ್ಮ ಸೋಡಾ ಹಾಕಿ ಉಜ್ಜಿದರು. ಸುಣ್ಣ ಬಳಿದರು, ಮುಂದಿನ ವರ್ಷ ಡಿಸ್ಟೆಂಪರ್ ಹೊಡೆಸಿದರು. ಪ್ರತಿ ಮಳೆಗಾಲ ಗೋಡೆ ತೇವ ಕುಡಿದ ಕೂಡಲೇ ಗೆರೆ ಮತ್ತೆ ಹೊರಗೆ ಬರ್ತಿತ್ತು. ಎಣ್ಣೆ ಅಲ್ವಾ. ಇವತ್ತು ಅಪ್ಪ ಅದರ ಮೇಲೆ ಬೆರಳಾಡಿಸಿ, ಮೂಗಿನ ಹತ್ತಿರ ಹಿಡಿದು, ಮೆಲ್ಲಗೆ ಹೇಳಿದರು. "ಇದು ನಮ್ಮ ಮಷೀನಿನದ್ದೇ, ಮಗಾ."

ಅದಕ್ಕೆ ನಾನು ಏನೂ ಉತ್ತರ ಕೊಡಲಿಲ್ಲ. ಅದನ್ನು ಎಡಿಟ್ ಮಾಡದೆ ಹಾಗೇ ಇಟ್ಟಿದ್ದೇನೆ.

ಆ ನೆರೆಯ ಮರುತಿಂಗಳೇ ಸರಕಾರ ಮಿಠಿಗೆಂದೇ ಒಂದು ಪ್ರಾಧಿಕಾರ ಮಾಡಿತು. ನದಿಯನ್ನು ಅಗಲ ಮಾಡಿದರು, ಆಳ ಮಾಡಿದರು, ಎರಡೂ ಬದಿ ತಡೆಗೋಡೆ ಕಟ್ಟಿದರು. ಈಗಲೂ ಜೋರು ಮಳೆ ಬಂದರೆ ಕ್ರಾಂತಿನಗರದವರನ್ನು ಶಾಲೆಗಳಿಗೆ ಸಾಗಿಸಬೇಕಾಗ್ತದೆ. ಗೋಡೆ ಬೇಕು, ಬೇಡ ಅನ್ನುವುದಿಲ್ಲ. ಆದರೆ ಗೋಡೆ ಎದ್ದ ಮೇಲೆ ರಸ್ತೆಯಲ್ಲಿ ಹೋಗುವವರಿಗೆ ನದಿ ಕಾಣುವುದೇ ಇಲ್ಲ. ನನ್ನ ಕ್ಲಾಸಿನ ಮಕ್ಕಳು ಇದನ್ನು ನಾಲಾ ಅಂತಲೇ ಕರೀತಾರೆ. ಪ್ರತಿ ಸಲ ತಿದ್ದುತ್ತೇನೆ. ನದಿ ಅಂತ ಕರೆದರೆ ತಾನೇ ಅದರಲ್ಲಿ ಏನು ಹಾಕಬಾರದು ಅಂತ ಕೇಳಲಿಕ್ಕೆ ಆಗುವುದು.

ಬಾಂದ್ರಾ ಕುರ್ಲಾ ಕಾಂಪ್ಲೆಕ್ಸನ್ನು ಬೇಗ ದಾಟಿ ಬಿಡುವ. ಗಾಜಿನ ಕಟ್ಟಡಗಳು, ವಜ್ರದ ಮಾರುಕಟ್ಟೆ, ಶೇರು ಮಾರುಕಟ್ಟೆ. 1970ರ ದಶಕದ ತನಕ ಇದು ಕಾಂಡ್ಲಾ ಗಿಡಗಳ ಕೆಸರು ಗದ್ದೆ. ಉಬ್ಬರ ಬಂದಾಗ, ಮಳೆ ಬಂದಾಗ ನದಿ ಕಾಲು ಚಾಚಿ ಮಲಗುತ್ತಿದ್ದ ಜಾಗ. ಅದಕ್ಕೆ ಮಣ್ಣು ತುಂಬಿಸಿದ ಮೇಲೆ ನದಿ ಮಲಗಬೇಕಾದರೆ ನಮ್ಮ ಮನೆಯೊಳಗೇ ಬರಬೇಕಾಯಿತು.

ಎದುರು ದಡ ಧಾರಾವಿ. ಮೂಲದಲ್ಲಿ ಕೋಳಿ ಜನರ, ಅಂದರೆ ಮೀನುಗಾರರ ವಾಡಿ. ಆಮೇಲೆ ತಮಿಳುನಾಡಿನಿಂದ ಚರ್ಮ ಹದ ಮಾಡುವವರು, ಸೌರಾಷ್ಟ್ರದಿಂದ ಕುಂಬಾರರು ಬಂದರು. ಬಾಂದ್ರಾದಲ್ಲಿ ಕಸಾಯಿಖಾನೆ ಇತ್ತು, ತೊಗಲು ಹತ್ತಿರದಲ್ಲೇ ಸಿಗುತ್ತಿತ್ತು. 1971ರಲ್ಲಿ ಕಸಾಯಿಖಾನೆ ದೇವನಾರಿಗೆ ಹೋಯಿತು. ಹದ ಮಾಡುವ ಕೆಲಸವೂ ಬರಬರುತ್ತಾ ಹೊರಗೆ ಹೋಯಿತು, ಚೀಲ, ಬೆಲ್ಟು ಹೊಲಿಯುವುದು ಉಳಿಯಿತು. ಗುಜರಿ ಕೆಲಸ ನಡೆಯುವ 13ನೇ ಕಂಪೌಂಡಿನಲ್ಲಿ ಒಬ್ಬರು ಡ್ರಮ್ ತೊಳೆಯುವುದನ್ನು ಹತ್ತು ನಿಮಿಷ ನಿಂತು ನೋಡಿದೆವು. ಡ್ರಮ್ಮಿನೊಳಗೆ ಬಿಸಿನೀರು, ಒಂದಷ್ಟು ಸರಪಳಿ ಹಾಕಿ ಮುಚ್ಚಿ, ಕಾಲಿನಿಂದ ಉರುಳಿಸ್ತಾರೆ. ಒಳಗೆ ಸರಪಳಿ ಕೆರೆದು ಕೆರೆದು ಅಂಟಿದ ಬಣ್ಣ ಬಿಡ್ತದೆ. ಆಮೇಲೆ ತಗ್ಗು ನೇರ ಮಾಡಲಿಕ್ಕೆ ಸುತ್ತಿಗೆ. ಒಂದು ಏಟೂ ಹೆಚ್ಚಾಗಲಿಲ್ಲ. ಅಪ್ಪ ಅವರ ಕೈಯನ್ನೇ ನೋಡ್ತಾ ಇದ್ದರು, ಕೊನೆಗೆ ಹಿಂದಿಯಲ್ಲಿ "ಒಳ್ಳೇ ಕೈ ನಿಮ್ಮದು" ಅಂದರು. ಧಾರಾವಿಯನ್ನು ಹೊಸದಾಗಿ ಕಟ್ಟುವ ಯೋಜನೆ ನಡೀತಾ ಉಂಟು. ಮನೆಯ ಬಗ್ಗೆ ಎಲ್ಲರೂ ಮಾತಾಡ್ತಾರೆ. ಈ ಕೈಗಳಿಗೆ ಕೆಲಸ ಎಲ್ಲಿ ಅನ್ನುವುದು ನನ್ನ ಪ್ರಶ್ನೆ, ಯಾಕೆಂದರೆ 1998ರಲ್ಲಿ ನಮ್ಮ ಮನೆಯಲ್ಲಿ ಏನಾಯಿತು ಅಂತ ನನಗೆ ನೆನಪುಂಟು.

ಪಕ್ಕದಲ್ಲೇ ಈ ಹಸಿರು ನೋಡಿ, ಮಹಾರಾಷ್ಟ್ರ ನೇಚರ್ ಪಾರ್ಕ್. 37 ಎಕರೆ. ಮೊದಲು ಊರಿನ ಕಸ ಸುರಿಯುವ ಜಾಗ. ಕಸದ ಮೇಲೆ ಮಣ್ಣು ಹಾಕಿ ಒಂದೊಂದೇ ಗಿಡ ನೆಟ್ಟು ಕಾಡು ಮಾಡಿದರು. ಮಿಠಿಯ ದಂಡೆಯಲ್ಲಿ ಒಳ್ಳೆಯದೂ ಆಗ್ತದೆ ಅನ್ನಲಿಕ್ಕೆ ನನಗೆ ಇದು ಸಾಕು.

ಮಾಹಿಮ್. ಸಂಜೆ ಐದೂವರೆ. ನಾವು ನಿಂತಿರುವುದು ನೀರಿಗೆ ಅಡ್ಡ ಕಟ್ಟಿದ ರಸ್ತೆಯ, ಅಂದರೆ ಕಾಸ್‌ವೇ ಮೇಲೆ. 1846ಕ್ಕಿಂತ ಮೊದಲು ಇಲ್ಲಿ ದೋಣಿಯಲ್ಲೇ ದಾಟಬೇಕಿತ್ತು. ಲೇಡಿ ಅವಾಬಾಯಿ ಜಮ್‌ಶೆಟ್‌ಜಿ ಜೀಜೀಭಾಯಿ 1,57,000 ರೂಪಾಯಿ ಕೊಟ್ಟು ಈ ದಾರಿ ಮಾಡಿಸಿದರು. ಇವತ್ತಿಗೂ ಮುಂಬಯಿಯನ್ನು ಎರಡು ಮಾಡುವ ಗೆರೆ ಈ ನೀರೇ. ಬಾಂದ್ರಾದ ರಿಕ್ಷಾದವರು ಇದನ್ನು ದಾಟಿ ಬರುವ ಹಾಗಿಲ್ಲ, ಈಚೆ ಟ್ಯಾಕ್ಸಿ ಮಾತ್ರ. ಇಲ್ಲಿಂದ ಮಾಟುಂಗಾ ಹತ್ತಿರ. 1926ರ ಮೈಸೂರು ಅಸೋಸಿಯೇಷನ್, 1933ರ ಕರ್ನಾಟಕ ಸಂಘ, ಬಾಳೆಎಲೆ ಊಟ. ರಾತ್ರಿ ಊಟಕ್ಕೆ ಅಲ್ಲಿಗೇ ಹೋಗುವುದು ಅಂತ ಅಪ್ಪ ಬೆಳಿಗ್ಗೆಯೇ ಹೇಳಿದ್ದಾರೆ.

ಅಷ್ಟರಲ್ಲಿ ಉಬ್ಬರ ಶುರುವಾಯಿತು. ಅಪ್ಪ ಕಟ್ಟೆಗೆ ಒರಗಿ ಕೆಳಗೆ ನೋಡ್ತಾ ಇದ್ದವರು ನನ್ನ ತೋಳು ಹಿಡಿದು ಎಳೆದರು. "ನೋಡು, ನೀರು ವಾಪಸ್ ಹೋಗ್ತಾ ಉಂಟು."

ಕ್ಯಾಮೆರಾ ಕೆಳಗೆ ತಿರುಗಿಸಿದೆ. ಒಂದು ಖಾಲಿ ಎಣ್ಣೆ ಡಬ್ಬ, ಹಳದಿ ಬಣ್ಣದ್ದು, ಕಡಲ ಕಡೆಯಿಂದ ತೇಲಿ ಬಂತು. ಸೇತುವೆಯ ಅಡಿಗೆ ಹೋಯಿತು. ನಾವು ರಸ್ತೆ ದಾಟಿ ಆಚೆ ಬದಿಗೆ ಓಡಿದೆವು. ಡಬ್ಬ ಹೊರಗೆ ಬಂತು, ಒಂದು ಸುತ್ತು ತಿರುಗಿತು, ಮತ್ತೆ ಧಾರಾವಿ ಕಡೆಗೆ, ಕುರ್ಲಾ ಕಡೆಗೆ ಹೊರಟಿತು. ಅದು ಕಣ್ಣಿಂದ ಮರೆಯಾಗುವ ತನಕ ಅಪ್ಪ ಅಲ್ಲೇ ನಿಂತಿದ್ದರು.